ಪ್ಲಗಿನ್‌ಗಳ ಸಿಎಸ್‌ಎಸ್ ಎಲ್ಲಿಡಬೇಕು? ‘ಬುಟ್ಟಿ’ಯ ಒತ್ತು ಮತ್ತೆ ಕತ್ತರಿಸಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಮ್ಮ ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ಸಾಫ್ಟ್‌ವೇರ್) ಸೈಟ್ ನೋಡಿಕೊಳ್ಳುವುದು ನಾನು. ಅಂಗಡಿಗೆ ವೂಕಾಮರ್ಸ್, ವಿಚಾರಿಸುವವರಿಗೆ ಕಾಂಟ್ಯಾಕ್ಟ್ ಫಾರ್ಮ್ 7; ಎರಡೂ ಪ್ಲಗಿನ್, ಅಂದರೆ ಸೈಟ್‌ಗೆ ಸೇರಿಸುವ ಹೆಚ್ಚುವರಿ ಸಾಫ್ಟ್‌ವೇರ್.

ವೂಕಾಮರ್ಸ್ ಬಟನ್‌ಗೆ ಲೈನ್ ಹೈಟ್ (ಸಾಲಿನ ಎತ್ತರ) 1 ಇದೆ. ನಮ್ಮ ಥೀಮ್ (ಸೈಟಿನ ವಿನ್ಯಾಸ) ಅದರ ಪ್ಯಾಡಿಂಗ್ (ಅಕ್ಷರದ ಸುತ್ತಲಿನ ಜಾಗ) ತೆಗೆದು ಓವರ್‌ಫ್ಲೋ ಹಿಡನ್ ಹಾಕಿದೆ, ಅಂದರೆ ಹೊರಗೆ ಚಾಚಿದ್ದು ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ತೊಂದರೆ ಇಲ್ಲ. ‘ಬುಟ್ಟಿಗೆ ಹಾಕಿ’ ಅಂತ ಬರೆದರೆ ಟ ಒತ್ತು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಅತ್ತೆ ಫೋನ್ ಮಾಡಿ, “ತಮಾ, ಅದು ಬುಟಿ ಅಂತ ಕಾಣ್ತದಲ್ಲ” ಅಂದರು. ನನಗೆ ತುಂಬ ಬೇಜಾರಾಯಿತು.

ಪುಟದ ನೋಟ ಹೇಳುವ ಸಿಎಸ್‌ಎಸ್ ಸಾಲುಗಳನ್ನು ಮೊದಲು ಪ್ಲಗಿನ್ ಫೈಲ್‌ನಲ್ಲೇ ತಿದ್ದಿದ್ದೆ. ಅಪ್‌ಡೇಟ್ ಬಂದಾಗ ಎಲ್ಲ ಹೋಯಿತು. ಆಮೇಲೆ ವರ್ಡ್‌ಪ್ರೆಸ್‌ನಲ್ಲೇ ಇರುವ ‘ಅಡಿಷನಲ್ ಸಿಎಸ್‌ಎಸ್’ ಪೆಟ್ಟಿಗೆಗೆ ಸುರಿದೆ. ಅಲ್ಲಿ 640 ಸಾಲು ಆಯಿತು, ಎಲ್ಲೆಲ್ಲೂ ‘!important’ (ಬೇರೆ ನಿಯಮಗಳನ್ನು ಮೀರಿಸುವ ಗುರುತು). ಯಾವ ಸಾಲು ಯಾವ ಪ್ಲಗಿನ್‌ದು ಅಂತ ನನಗೇ ಗೊತ್ತಾಗುತ್ತಿಲ್ಲ. ಹೋದ ವಾರ ಥೀಮ್ ಬದಲಿಸಿದೆ, ಅದೂ ಮಾಯ! ನೀವೆಲ್ಲ ಹೇಗೆ ಇಟ್ಟುಕೊಳ್ಳುತ್ತೀರಿ?

ಉತ್ತರ 1

ಹೆದರಬೇಡಿ, ಅಳಿಸಿ ಹೋಗಿಲ್ಲ. ಅಡಿಷನಲ್ ಸಿಎಸ್‌ಎಸ್ ಒಂದೊಂದು ಥೀಮಿಗೂ ಬೇರೆ ಬೇರೆ ಇರುತ್ತದೆ. ಹಳೇ ಥೀಮ್ ಹಾಕಿದರೆ ಸಿಗುತ್ತದೆ, ಕಾಪಿ ಮಾಡಿಕೊಳ್ಳಿ.

ಚೈಲ್ಡ್ ಥೀಮ್ (ಮೂಲ ಥೀಮ್ ಮುಟ್ಟದೆ ಅದರ ಮೇಲೆ ಕಟ್ಟುವ ನಿಮ್ಮ ಥೀಮ್) ಮಾಡಿ, ಅದರಲ್ಲಿ ಪ್ಲಗಿನ್‌ಗೊಂದು ಫೈಲ್ ಇಡಿ. ಎನ್‌ಕ್ಯೂ ಮಾಡುವಾಗ (ಫೈಲ್ ಲೋಡ್ ಮಾಡಲು ವರ್ಡ್‌ಪ್ರೆಸ್‌ಗೆ ಹೇಳುವಾಗ) ವೂಕಾಮರ್ಸ್‌ನ ಸಿಎಸ್‌ಎಸ್ ಆದ ‘ವೂಕಾಮರ್ಸ್-ಜನರಲ್’ ಅನ್ನು ಡಿಪೆಂಡೆನ್ಸಿ (ಮೊದಲು ಬೇಕಾದ ಫೈಲ್) ಎಂದು ಕೊಡಿ. ಆಗ ನಿಮ್ಮ ಫೈಲ್ ಅದರ ನಂತರವೇ ಬರುತ್ತದೆ. ಪ್ಲಗಿನ್‌ನ ಸೆಲೆಕ್ಟರ್‌ಗಳನ್ನೇ (ನಿಯಮ ಯಾವ ಭಾಗಕ್ಕೆ ಎಂದು ಹೇಳುವ ಹೆಸರು) ಬಳಸಿದರೆ ‘!important’ ಬೇಕಾಗುವುದು ಅಪರೂಪ. ವೂಕಾಮರ್ಸ್ ನಿಲ್ಲಿಸಿದರೆ ನಿಮ್ಮ ಫೈಲೂ ಲೋಡ್ ಆಗುವುದಿಲ್ಲ, ಅದೂ ಒಳ್ಳೆಯದೇ ಅಲ್ವಾ. ವರ್ಷನ್ ಜಾಗದಲ್ಲಿ ಫೈಲ್‌ಎಂಟೈಮ್ (ಫೈಲ್ ಕೊನೆಗೆ ಬದಲಾದ ಸಮಯ ಕೊಡುವ ಪಿಎಚ್‌ಪಿ ಫಂಕ್ಷನ್) ಹಾಕಿ. ಇಲ್ಲದಿದ್ದರೆ ಬ್ರೌಸರ್ ಹಳೆಯದನ್ನೇ ತೋರಿಸುತ್ತಿರುತ್ತದೆ.

ಉತ್ತರ 2

ಫೈಲ್ ಬೇರೆ ಮಾಡುವುದು ಸರಿ, ಜಾಗ ಒಪ್ಪಲಾರೆ. ಚೈಲ್ಡ್ ಥೀಮ್ ಕೂಡ ಥೀಮೇ. ಇವರು ಥೀಮ್ ಬದಲಿಸುವವರು, ಮತ್ತೆ ಅದೇ ಕಥೆ. ಸುಮ್ನೆ ನಿಮ್ಮದೇ ಒಂದು ಸಣ್ಣ ಪ್ಲಗಿನ್ ಮಾಡಿ. ಮೇಲೆ ಹೆಸರಿನ ಕಾಮೆಂಟ್ ಇರುವ ಒಂದು ಪಿಎಚ್‌ಪಿ ಫೈಲ್ ಸಾಕು.

ಅಂಗಡಿ ಪುಟಗಳಿಗೆ ಮಾತ್ರ ಲೋಡ್ ಮಾಡುವುದಾದರೆ ಒಂದು ಎಚ್ಚರ. ‘ಈಸ್ ವೂಕಾಮರ್ಸ್’ ಎನ್ನುವ ಷರತ್ತಿನಲ್ಲಿ ಕಾರ್ಟ್, ಚೆಕ್‌ಔಟ್ ಪುಟ ಸೇರುವುದಿಲ್ಲ. ಅವನ್ನು ಬೇರೆಯಾಗಿ ಹಾಕಬೇಕು. ನಾನು ಇದಕ್ಕೇ ಒಂದು ರಾತ್ರಿ ಕೂತಿದ್ದೆ.

ಪ್ರಶ್ನೆ ಕೇಳಿದವರು

ಸಣ್ಣ ಪ್ಲಗಿನ್ ಮಾಡಿದೆ. ಮೂರು ಫೈಲ್: ಅಂಗಡಿ, ಫಾರ್ಮ್, ಮತ್ತೆ ಎರಡಕ್ಕೂ ಸಾಮಾನ್ಯವಾದದ್ದು. ಕನ್ನಡದ ಲೈನ್ ಹೈಟ್ 1.6 ಅನ್ನು ಈ ಮೂರನೆಯದರಲ್ಲಿ ಒಂದು ವೇರಿಯಬಲ್ (ಹೆಸರಿಟ್ಟು ಎಲ್ಲೆಡೆ ಬಳಸುವ ಮೌಲ್ಯ) ಆಗಿ ಇಟ್ಟಿದ್ದೇನೆ. 640 ಸಾಲು 210ಕ್ಕೆ ಇಳಿಯಿತು, ಉಳಿದದ್ದು ಒಂದರ ಮೇಲೊಂದು ಬರೆದದ್ದೇ. ಅತ್ತೆಗೆ ವಾಟ್ಸ್ಆ್ಯಪ್‌ನಲ್ಲಿ ಬಟನ್ ಚಿತ್ರ ಕಳಿಸಿದೆ. ಒತ್ತು ಪೂರ್ತಿ ಕಾಣುತ್ತಿದೆ. ಇಬ್ಬರಿಗೂ ತುಂಬ ಧನ್ಯವಾದ.