ಮಸಾಯಿ ಮಾರಾದಲ್ಲಿ 3 ರಾತ್ರಿ: ಸಣ್ಣ ವಿಮಾನದಲ್ಲೇ ಹೋಗಬೇಕಾ?

ಚಿತ್ತಾರ:
ನಮಸ್ಕಾರ. ಸೆಪ್ಟೆಂಬರ್ ಮೊದಲ ವಾರ ಅಪ್ಪ ಅಮ್ಮನನ್ನು ಕೀನ್ಯಾಗೆ ಕರೆದುಕೊಂಡು ಹೋಗುವ ಯೋಚನೆ ಇದೆ. ಅಪ್ಪನಿಗೆ 66, ಅಮ್ಮನಿಗೆ 61. ಕಬಿನಿ, ಬಂಡೀಪುರ, ದಾಂಡೇಲಿ ಅಂತ ಅಪ್ಪ ಜೀವಮಾನವೆಲ್ಲ ಕಾಡು ಸುತ್ತಿದವರು, ಆದರೆ ಸಿಂಹ ನೋಡಿದ್ದು ಮೈಸೂರು ಝೂನಲ್ಲಿ ಮಾತ್ರ. ಬಯಲಲ್ಲಿ ಸಿಂಹ ನಡೆಯುವುದನ್ನು ಒಮ್ಮೆ ನೋಡಬೇಕು ಅನ್ನುವುದು ಅವರ ಬಹಳ ದಿನದ ಆಸೆ. ನನಗೆ ರಜೆ ಕಮ್ಮಿ, ಅಲ್ಲಿನ ಮಸಾಯಿ ಮಾರಾ ಅಭಯಾರಣ್ಯದಲ್ಲಿ 3 ರಾತ್ರಿ ಅಷ್ಟೇ ಆಗುವುದು. ಖರ್ಚಿಗೆ ಸ್ವಲ್ಪ ಕೂಡಿಟ್ಟಿದ್ದೇನೆ, ಒಳ್ಳೆ ಟೆಂಟ್ ಕ್ಯಾಂಪ್‌ನಲ್ಲೇ ಇರಿಸಬೇಕು ಅಂತಿದೆ. ನನ್ನ ಪ್ರಶ್ನೆಗಳು: ಅಪ್ಪನಿಗೆ ಸೊಂಟ ನೋವಿದೆ, ನೈರೋಬಿಯಿಂದ ಮಾರಾಗೆ ರಸ್ತೆ ಬಿಟ್ಟು ಸಣ್ಣ ವಿಮಾನದಲ್ಲಿ ಹೋಗುವ ಖರ್ಚು ನಿಜಕ್ಕೂ ಸಾರ್ಥಕವಾ? ಕ್ಯಾಂಪ್ ಪಾರ್ಕಿನ ಒಳಗೆ ಇರಬೇಕಾ, ಹೊರಗಿನ ಕನ್ಸರ್ವೆನ್ಸಿಯಲ್ಲಾ (ಪಾರ್ಕಿನ ಸುತ್ತ ವನ್ಯಜೀವಿಗಳಿಗೆ ಬಿಟ್ಟ ಖಾಸಗಿ ಜಮೀನು)? ಪಕ್ಕದಲ್ಲೇ ಇದೆಯಲ್ಲ, ಟಾಂಜಾನಿಯಾದ ಸೆರೆಂಗೆಟಿ ಪಾರ್ಕನ್ನೂ ಒಂದು ರಾತ್ರಿ ಸೇರಿಸಬಹುದಾ? ನಾವು ಸಸ್ಯಾಹಾರಿಗಳು, ಊಟದ ಕಥೆ ಏನು?

ನೈರೋಬಿ ನಿವಾಸಿ:
ಮೊದಲು ಸೆರೆಂಗೆಟಿ ಬಿಟ್ಟುಬಿಡಿ ಮೇಡಂ. ಮ್ಯಾಪಲ್ಲಿ ಪಕ್ಕಪಕ್ಕ ಕಾಣುತ್ತದೆ ನಿಜ, ಆದರೆ ಗಡಿ ದಾಟುವುದು ಪ್ರಾಣಿಗಳು ಮಾತ್ರ. ಪ್ರವಾಸಿಗಳು ಪಾರ್ಕಿನೊಳಗಿಂದ ಆ ಕಡೆ ಹೋಗುವ ಹಾಗಿಲ್ಲ. ಮಾರಾದಿಂದ ಮಿಗೋರಿಗೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ಇಸೆಬಾನಿಯಾ ಗಡಿ ದಾಟಿ ತಾರಿಮೆ, ಆಮೇಲೆ ಇನ್ನೊಂದು ವಿಮಾನ. ಟಾಂಜಾನಿಯಾ ವೀಸಾ ಬೇರೆ. 3 ರಾತ್ರಿಯಲ್ಲಿ ಮುಕ್ಕಾಲು ದಿನ ಅದಕ್ಕೇ ಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ವಲಸೆ ಬರುವ ವೈಲ್ಡ್‌ಬೀಸ್ಟ್ (ದನದಂಥ ದೊಡ್ಡ ಹುಲ್ಲೆ) ಹಿಂಡುಗಳು ಮಾರಾದಲ್ಲೇ ಇರುತ್ತವೆ, ನೀವ್ಯಾಕೆ ಆ ಕಡೆ ಓಡಬೇಕು?

ವಿಮಾನದ ವಿಷಯ. ಬೆಂಗಳೂರು ಕಡೆಯಿಂದ ಬಂದವರು ಇಳಿಯುವುದು ಜೋಮೊ ಕೆನ್ಯಾಟ್ಟಾ ಏರ್‌ಪೋರ್ಟ್‌ನಲ್ಲಿ. ಮಾರಾ ವಿಮಾನ ಹೊರಡುವುದು ವಿಲ್ಸನ್ ಏರ್‌ಪೋರ್ಟ್‌ನಿಂದ. ಇದು ಊರಿನ ಇನ್ನೊಂದು ಭಾಗದಲ್ಲಿದೆ, ಟ್ರಾಫಿಕ್ ಸಿಕ್ಕರೆ ಕಷ್ಟ. ಹಾಗಾಗಿ ಬಂದ ರಾತ್ರಿ ನೈರೋಬಿಯಲ್ಲಿ ಮಲಗಿ, ಬೆಳಗಿನ ವಿಮಾನ ಹಿಡಿಯಿರಿ. ಹೆಚ್ಚಾಗಿ ಸೆಸ್ನಾ ಕ್ಯಾರವಾನ್ ಇರುತ್ತದೆ, ಹತ್ತು ಹನ್ನೆರಡು ಜನ ಕೂರುವ ಒಂಟಿ ಇಂಜಿನ್ ವಿಮಾನ. ರೆಕ್ಕೆ ಮೇಲ್ಗಡೆ ಇರುವುದರಿಂದ ಕಿಟಕಿಗೆ ಏನೂ ಅಡ್ಡ ಬರುವುದಿಲ್ಲ, ರಿಫ್ಟ್ ಕಣಿವೆ ಪೂರ್ತಿ ಕೆಳಗೆ ಬಿಚ್ಚಿಕೊಳ್ಳುತ್ತದೆ. ಮುಕ್ಕಾಲರಿಂದ ಒಂದು ಗಂಟೆ ಅಷ್ಟೇ. ಆದರೆ ಇದು ಸಿಟಿ ಬಸ್ಸಿನ ಹಾಗೆ, ಕೀಕೊರೊಕ್, ಓಲ್ ಕಿಯೊಂಬೊ, ಮುಸಿಯಾರಾ ಅಂತ ಬೇರೆ ಬೇರೆ ಏರ್‌ಸ್ಟ್ರಿಪ್‌ಗಳಲ್ಲಿ ನಿಂತು ಜನರನ್ನು ಇಳಿಸುತ್ತಾ ಹೋಗುತ್ತದೆ. ನಿಮ್ಮ ಕ್ಯಾಂಪ್‌ಗೆ ಯಾವುದು ಹತ್ತಿರ ಅಂತ ಮೊದಲೇ ಕೇಳಿಕೊಳ್ಳಿ. ಒಮ್ಮೆ ನಾನು ಇಳಿದಾಗ ಕೆಂಪು ಮಣ್ಣಿನ ರನ್‌ವೇ ಮೇಲೆ ಜೀಬ್ರಾಗಳು ನಿಂತಿದ್ದವು. ಕೆಳಗಿದ್ದ ಗೈಡ್ ಜೀಪು ಓಡಿಸಿ ಅವನ್ನು ಆಚೆಗಟ್ಟುವ ತನಕ ಪೈಲಟ್ ಮೇಲೇ ಒಂದು ಸುತ್ತು ಹಾಕಿದ. ಬಾಗಿಲು ತೆಗೆದ ಕೂಡಲೇ ಬಿಸಿಲಿಗೆ ಕಾದ ಹುಲ್ಲಿನ ವಾಸನೆ. ಸಫಾರಿ ಅಲ್ಲಿಂದಲೇ ಶುರು, ಏರ್‌ಸ್ಟ್ರಿಪ್‌ನಿಂದ ಕ್ಯಾಂಪ್‌ಗೆ ಹೋಗುವ ದಾರಿಯಲ್ಲೇ ಆನೆ, ಜಿರಾಫೆ ಸಿಗುತ್ತವೆ.

ಲಗೇಜ್ ತಲಾ 15 ಕಿಲೋ, ಕೈಚೀಲ ಕ್ಯಾಮೆರಾ ಎಲ್ಲ ಸೇರಿ. ಮೆತ್ತನೆ ಬ್ಯಾಗ್ ಆಗಬೇಕು, ಚಕ್ರದ ಗಟ್ಟಿ ಸೂಟ್‌ಕೇಸ್ ವಿಮಾನದ ಹೊಟ್ಟೆಗೆ ಹಿಡಿಸುವುದಿಲ್ಲ. ಪ್ಲಾಸ್ಟಿಕ್ ಕವರ್ ತರಲೇಬೇಡಿ, 2017ರಿಂದ ಕೀನ್ಯಾದಲ್ಲಿ ನಿಷೇಧ.

ಊಟಕ್ಕೆ ಚಿಂತೆ ಬೇಡ. ಇಲ್ಲಿ ಗುಜರಾತಿಗಳು ತಲೆಮಾರುಗಳಿಂದ ಇದ್ದಾರೆ, ಚಪಾತಿ ಈಗ ಕೀನ್ಯಾದವರದ್ದೇ ತಿಂಡಿ. ಬುಕ್ ಮಾಡುವಾಗಲೇ ಹೇಳಿದರೆ ಒಳ್ಳೆ ಕ್ಯಾಂಪ್‌ಗಳಲ್ಲಿ ದಾಲ್, ಪಲ್ಯ ಎಲ್ಲ ಮಾಡಿಕೊಡುತ್ತಾರೆ. ಬೆಳಗಿನ ಚಳಿಗೆ ಅಮ್ಮನಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಇರಲಿ. ಆಫ್ರಿಕಾ ಅಂದರೆ ಬರೀ ಸೆಕೆ ಅಂದುಕೊಂಡು ಬರುವವರು ಜಾಸ್ತಿ, ಮಾರಾ ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ.

ಹಾದಿಹೋಕ:
ನಾನು ರಸ್ತೆ ಪರ. ನೈರೋಬಿಯಿಂದ ನಾರೋಕ್ ಊರಿನ ಮೇಲೆ ಐದಾರು ಗಂಟೆ. ದಾರಿಯಲ್ಲಿ ರಿಫ್ಟ್ ಕಣಿವೆಯ ಅಂಚಲ್ಲಿ ನಿಂತು ನೋಡಬಹುದು, ಊರು, ಸಂತೆ, ದನ ಕಾಯುವವರು, ಎಲ್ಲ ಕಾಣುತ್ತದೆ. ಮೇಲಿಂದ ಹಾರಿ ಬಂದು ಟೆಂಟ್ ಸೇರಿಬಿಟ್ಟರೆ ದೇಶ ನೋಡಿದ ಹಾಗೆ ಆಗುವುದಿಲ್ಲ. ಉಳಿದ ದುಡ್ಡಲ್ಲಿ ಇನ್ನೊಂದು ರಾತ್ರಿ ಇರಬಹುದು ಅಲ್ವಾ?

ದೂರ್ಬೀನು:
ಹಾದಿಹೋಕ ಸರ್, ನೀವು ಹೇಳುವುದು ಟೈಮ್ ಇದ್ದವರಿಗೆ ಸರಿ. ಇವರ ಹತ್ತಿರ ಇರುವುದೇ 3 ರಾತ್ರಿ. ಹೋಗುವಾಗ ಬರುವಾಗ ಸೇರಿ ಒಂದು ಪೂರ್ತಿ ಹಗಲು ರಸ್ತೆಗೇ ಕೊಟ್ಟರೆ ಅಪ್ಪ ಸಿಂಹ ನೋಡುವುದು ಯಾವಾಗ?

ಚಿತ್ತಾರ ಅವರೇ, ನನ್ನ ಕೇಳಿದರೆ ವಿಮಾನಕ್ಕಿಂತ ಮುಖ್ಯ ನಿಮ್ಮ ಎರಡನೇ ಪ್ರಶ್ನೆ. ಕನ್ಸರ್ವೆನ್ಸಿಯಲ್ಲೇ ಇರಿ, ಮೂರೂ ರಾತ್ರಿ ಒಂದೇ ಕ್ಯಾಂಪ್‌ನಲ್ಲಿ. ಮಾರಾ ನಾರ್ತ್, ನಬೋಯಿಶೊ, ಓಲಾರೆ ಮೊಟೊರೊಗಿ, ಇವೆಲ್ಲ ಮಸಾಯಿ ಕುಟುಂಬಗಳ ಸ್ವಂತ ಜಮೀನು. ಕ್ಯಾಂಪ್‌ಗಳು ಅವರಿಗೆ ಗುತ್ತಿಗೆ ಹಣ ಕೊಡುತ್ತವೆ. ಆ ಹಣ ಬರುತ್ತಿರುವುದರಿಂದಲೇ ಅಲ್ಲಿ ಬೇಲಿ ಎದ್ದಿಲ್ಲ, ಉಳುಮೆ ಆಗಿಲ್ಲ. ಆ ಕ್ಯಾಂಪ್‌ಗಳಲ್ಲಿ ಉಳಿದವರಿಗೆ ಮಾತ್ರ ಪ್ರವೇಶ. ಓಲಾರೆ ಮೊಟೊರೊಗಿಯಲ್ಲಿ 700 ಎಕರೆಗೆ ಒಂದು ಟೆಂಟ್ ಅನ್ನುವ ಲೆಕ್ಕ, ಒಂದು ಪ್ರಾಣಿ ಹತ್ತಿರ 5 ಗಾಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ಪಾರ್ಕಿನೊಳಗೆ ಚಿರತೆ ಕಂಡರೆ ಗಾಡಿಗಳ ಸಾಲೇ ಸೇರಿಬಿಡುತ್ತದೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕನ್ಸರ್ವೆನ್ಸಿಯಲ್ಲಿ ದಾರಿ ಬಿಟ್ಟು ಹುಲ್ಲಿಗೆ ಇಳಿಯಬಹುದು, ರಾತ್ರಿ ಸಫಾರಿಯೂ ಇದೆ. ಪಾರ್ಕಿನಲ್ಲಿ ಎರಡಕ್ಕೂ ಅವಕಾಶವಿಲ್ಲ. ರಾತ್ರಿ ಕೆಂಪು ಫಿಲ್ಟರ್ ಹಾಕಿದ ಲೈಟ್ ಹಿಡಿದು ಹೋಗುತ್ತಾರೆ, ಹಗಲಲ್ಲಿ ಕಾಣದ ಸ್ಪ್ರಿಂಗ್‌ಹೇರ್ ಅನ್ನುವ ಪ್ರಾಣಿ ಕಾಂಗರೂ ತರ ಕುಪ್ಪಳಿಸುವುದು ಆಗ ಕಾಣಸಿಗುತ್ತದೆ. ಅಪ್ಪ ಕಬಿನಿ ನೋಡಿದವರು ಅಂದಿರಿ. ಅಲ್ಲಿ ಕಾಡು ದಟ್ಟ, ಒಂದು ಬಾಲ ಕಂಡರೆ ಪುಣ್ಯ. ಇಲ್ಲಿ ಚೀತಾ ಗೆದ್ದಲ ಹುತ್ತದ ಮೇಲೆ ಹತ್ತಿ ಕೂತು ಸುತ್ತ ನೋಡುತ್ತದೆ, ಇಳಿಯುತ್ತದೆ, ನಡೆಯುತ್ತದೆ, ಮತ್ತೆ ಇನ್ನೊಂದು ಹುತ್ತ ಹತ್ತುತ್ತದೆ. ಒಂದೇ ಪ್ರಾಣಿಯ ಹಿಂದೆ ಇಡೀ ಬೆಳಿಗ್ಗೆ ಕಳೆಯಬಹುದು. 'ಬಿಗ್ ಫೈವ್' (ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ) ಪಟ್ಟಿ ಮುಗಿಸುವ ಆತುರ ಇಟ್ಟುಕೊಂಡರೆ ಅದು ಸಿಗುವುದಿಲ್ಲ, ದಯವಿಟ್ಟು ಗೈಡ್‌ಗೆ ಮೊದಲ ದಿನವೇ ಹೇಳಿ, ನಮಗೆ ಅವಸರ ಇಲ್ಲ, ಕಾಯುತ್ತೇವೆ ಅಂತ.

ಆದರೆ ವೈಲ್ಡ್‌ಬೀಸ್ಟ್ ಹಿಂಡು ಮಾರಾ ನದಿ ದಾಟುವುದನ್ನು ನೋಡಬೇಕು ಅಂದರೆ ಸಾಮಾನ್ಯವಾಗಿ ಪಾರ್ಕಿನೊಳಗೆ ಹೋಗಬೇಕು. ಜುಲೈಯಿಂದ ಡಿಸೆಂಬರ್‌ವರೆಗೆ ವಿದೇಶಿಯರಿಗೆ ತಲಾ ದಿನಕ್ಕೆ 200 ಡಾಲರ್ ಶುಲ್ಕ (ಜನವರಿಯಿಂದ ಜೂನ್ ಆದರೆ 100). ಹಿಂಡು ದಡದಲ್ಲಿ ಗಂಟೆಗಟ್ಟಲೆ ನಿಂತು, ದಾಟದೆ ವಾಪಸ್ ಹೋಗುವುದೂ ಉಂಟು. ಒಂದು ದಿನ ಅದಕ್ಕೆ ಇಡಿ, ಸಿಗದಿದ್ದರೆ ಬಿಡಿ.

ಸೊಂಟದ ವಿಷಯ ಯಾರೂ ಹೇಳಲಿಲ್ಲ. ವಿಮಾನ ಹತ್ತಿದರೂ ಸಫಾರಿ ಗಾಡಿ ಕುಲುಕುವುದು ತಪ್ಪುವುದಿಲ್ಲ, ಒಂದೊಂದು ಸಲಕ್ಕೆ ಮೂರ್ನಾಲ್ಕು ಗಂಟೆ. ಬೇರೆ ಖರ್ಚಲ್ಲಿ ಉಳಿಸಿಯಾದರೂ ನಿಮಗೇ ಅಂತ ಪ್ರತ್ಯೇಕ ಗಾಡಿ ತೆಗೆದುಕೊಳ್ಳಿ. ಅಪ್ಪ ಸಾಕು ಅಂದಾಗ ತಿರುಗಬಹುದು. ಅವರನ್ನು ಹಿಂದಿನ ಸೀಟಲ್ಲಿ ಕೂರಿಸಬೇಡಿ, ಹೊಡೆತ ಜಾಸ್ತಿ ಅಲ್ಲೇ.

ಸೂಜಿಮಲ್ಲಿಗೆ:
ಹಳದಿ ಜ್ವರದ ಲಸಿಕೆ ಬಗ್ಗೆ ಒಂದು ಮಾತು. ಕೀನ್ಯಾದಿಂದ ವಾಪಸ್ ಬರುವಾಗ ಭಾರತದಲ್ಲಿ ಸರ್ಟಿಫಿಕೇಟ್ ಕೇಳುತ್ತಾರೆ, ಇಲ್ಲದಿದ್ದರೆ 6 ದಿನದ ತನಕ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿ 10 ದಿನ ಆದ ಮೇಲಷ್ಟೇ ಸರ್ಟಿಫಿಕೇಟ್ ಊರ್ಜಿತ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಆದರೆ 60 ದಾಟಿದವರಿಗೆ ಮೊದಲ ಸಲ ಹಾಕುವಾಗ ತೀವ್ರ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ, ನಿಮ್ಮ ಅಪ್ಪ ಅಮ್ಮ ಇಬ್ಬರೂ ಆ ವಯಸ್ಸಿನವರೇ. ಟಿಕೆಟ್ ಮಾಡುವ ಮುಂಚೆಯೇ ಡಾಕ್ಟರ್ ಹತ್ತಿರ ಕೂತು ಮಾತಾಡಿ. ಮಲೇರಿಯಾ ಮಾತ್ರೆಯನ್ನೂ ಅವರ ಬೇರೆ ಮಾತ್ರೆಗಳ ಜೊತೆ ಹೊಂದುತ್ತದಾ ಅಂತ ಆಗಲೇ ಕೇಳಿಬಿಡಿ. ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚೂ ಸೇರಿದ ಇನ್ಶೂರೆನ್ಸ್ ಮಾಡಿಸಿ.

ಚಿತ್ತಾರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೆರೆಂಗೆಟಿ ಕೈಬಿಟ್ಟೆ. ವಿಮಾನ, ಮೂರೂ ರಾತ್ರಿ ಒಂದೇ ಕನ್ಸರ್ವೆನ್ಸಿ, ಪ್ರತ್ಯೇಕ ಗಾಡಿ. ಆದರೆ ಅದಕ್ಕೂ ಮೊದಲು ಸೋಮವಾರ ಅಪ್ಪ ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಅವರು ಲಸಿಕೆಗೆ ಸರಿ ಅಂದ ಮೇಲೇ ಅಡ್ವಾನ್ಸ್ ಕಟ್ಟುವುದು. ದೂರ್ಬೀನು ಸರ್, ನಬೋಯಿಶೊ ಮತ್ತೆ ಮಾರಾ ನಾರ್ತ್ ಎರಡರಲ್ಲಿ ಸೆಪ್ಟೆಂಬರ್‌ಗೆ ಯಾವುದು ಅಂತ ಹೇಳಿದರೆ ಉಪಕಾರ.

ದೂರ್ಬೀನು:
ನದಿ ದಾಟುವುದು ನೋಡಲೇಬೇಕು ಅಂದರೆ ಮಾರಾ ನಾರ್ತ್, ಅದು ಮಾರಾ ನದಿಗೆ ತಾಗಿಯೇ ಇದೆ, ಹಿಂಡಿನ ಹತ್ತಿರ ಹೋಗುವುದು ಸುಲಭ. ಸಿಂಹಕ್ಕೇ ಅಂತ ಹೋಗುವುದಾದರೆ ನಬೋಯಿಶೊ. ಅಪ್ಪನ ಆಸೆ ಸಿಂಹ ಅಲ್ವಾ, ಹಾಗಾದರೆ ನಬೋಯಿಶೊ ಹಿಡಿಯಿರಿ.