ಕೇಬಲ್ ಬಿಟ್ಟು ಡಿಡಿ ಫ್ರೀ ಡಿಶ್ ಹಾಕಿಸಿದರೆ ಉಳಿತಾಯವಾಗುವುದೇ?

ತೋಟದಮನೆ, ಜಮಖಂಡಿ:
ಪ್ರತಿ ತಿಂಗಳು ಕೇಬಲ್‌ಗೆ ಸುಮಾರು 300 ರೂಪಾಯಿ ಕಟ್ಟುತ್ತಿದ್ದೇವೆ. ಅವ್ವ ಸಂಜೆ ಧಾರಾವಾಹಿ ನೋಡುತ್ತಾರೆ, ಅಪ್ಪನಿಗೆ ವಾರ್ತೆ ಮತ್ತು ಕ್ರಿಕೆಟ್ ಸಾಕು, ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಫ್ರೀ ಡಿಶ್‌ಗೆ ಬದಲಾಗುವುದು ಸರಿಯೇ, ತಿಳಿದವರು ದಯವಿಟ್ಟು ಹೇಳಿ.

ಗೋಳಗುಮ್ಮಟದ ನೆರೆಯವ, ವಿಜಯಪುರ:
2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ, ಪ್ರಸಾರ ಭಾರತಿ ನಡೆಸುವ ಈ ಸೇವೆಗೆ ತಿಂಗಳ ಶುಲ್ಕವೇ ಇಲ್ಲ. ಛತ್ರಿ, ಬಾಕ್ಸ್ ಮತ್ತು ಜೋಡಣೆಗೆ ಒಮ್ಮೆ 2,000 ರೂಪಾಯಿ ಹಿಡಿದರೂ ನಿಮ್ಮ ಲೆಕ್ಕದಲ್ಲಿ ಏಳು ತಿಂಗಳೊಳಗೆ ಅದು ಮರಳುತ್ತದೆ. ಭಾರತ ತಂಡದ ಪ್ರಮುಖ ಪಂದ್ಯಗಳ ಪ್ರಸಾರವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು 2007ರ ಕಾಯ್ದೆ ವಿಧಿಸಿರುವುದರಿಂದ ನಿಮ್ಮ ತಂದೆಯವರಿಗೆ ಅನುಕೂಲವಾಗುತ್ತದೆ. ಮಗಳಿಗೆ ಪಿಎಂ ಇ-ವಿದ್ಯಾ ಎಂಬ ಶಾಲಾ ಪಾಠಗಳ ವಾಹಿನಿಗಳೂ ಇವೆ. ಮನೆಯಲ್ಲಿ ಇಂಟರ್ನೆಟ್ ದುರ್ಬಲವಾಗಿದ್ದರೆ ಇವುಗಳ ಪ್ರಯೋಜನ ದೊಡ್ಡದು.

ಓದುಗ, ಬೆಳಗಾವಿ:
ತಾಯಿಯವರನ್ನು ಮೊದಲು ಕೇಳಿ ಎಂಬುದು ನನ್ನ ವಿನಂತಿ. ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಪಡೆಯುವ ಈ ವ್ಯವಸ್ಥೆಯಲ್ಲಿ ಹಿಂದಿಯದೇ ಮೇಲುಗೈ. ಕನ್ನಡಕ್ಕೆ ಮುಖ್ಯ ಆಸರೆ ಡಿಡಿ ಚಂದನ. ದಿನವೂ ನೋಡುವ ಧಾರಾವಾಹಿ ತಪ್ಪಿದರೆ ಉಳಿದ ಹಣ ಅವರಿಗೆ ಉಳಿತಾಯವೆನಿಸದು. ಕನ್ನಡಕ್ಕೆ ಹೆಚ್ಚಿನ ಜಾಗ ಸಿಗಬೇಕಿತ್ತು ಎಂಬ ಕೊರಗು ನನಗೆ ಇದ್ದೇ ಇದೆ.

ರಿಪೇರಿ ಅಂಗಡಿ, ಬಾಗಲಕೋಟೆ:
ಎಂಪೆಗ್-4 ಎಂಬ ಹೊಸ ತಂತ್ರದ ಬಾಕ್ಸನ್ನೇ ಕೊಳ್ಳಿ. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಎಲ್ಲ ವಾಹಿನಿಗಳೂ ಬರುವುದಿಲ್ಲ. ಈ ವಾಹಿನಿಗಳನ್ನು ಕಳಿಸುವ ಜಿಸ್ಯಾಟ್-15 ಉಪಗ್ರಹ ನಮಗೆ ಆಗ್ನೇಯ ದಿಕ್ಕಿನಲ್ಲಿರುವುದರಿಂದ, ಆ ಕಡೆ ಬೇವಿನ ಟೊಂಗೆ ಅಡ್ಡ ಬರದ ಜಾಗದಲ್ಲಿ ಛತ್ರಿಯನ್ನು ಬಿಗಿಯಾಗಿ ನಿಲ್ಲಿಸಬೇಕು.