ಸಹಾಯ ಬೇಕು: ಹಳೇ ಕಲ್ನಾರು (ಆಸ್ಬೆಸ್ಟಾಸ್) ಶೀಟು ಸರಿಯಾಗಿ ಇಳಿಸೋರು ಇದ್ದಾರಾ? (ತುಮಕೂರು)

ಶೆಡ್ಡಿನ 24 ಕಲ್ನಾರು ಶೀಟು ಇಳಿಸಬೇಕು. ಅಂಚು ಪುಡಿಯಾಗಿ, ಬೋಲ್ಟಿನ ತೂತಿನ ಸುತ್ತ ನಾರು ಎದ್ದಿದೆ. ಗಟ್ಟಿ ಶೀಟು ಸುಮ್ಮನಿದ್ದರೆ ಅಪಾಯ ಕಡಿಮೆ. ಒಡೆದಾಗ, ಗ್ರೈಂಡರ್ ಹಾಕಿದಾಗ ಏಳೋ ಸಣ್ಣ ನಾರು ಶ್ವಾಸಕೋಶದಲ್ಲೇ ಉಳಿಯುತ್ತೆ. ಅದರಿಂದ ಬರೋ ಕ್ಯಾನ್ಸರ್ ಕಾಣಿಸಿಕೊಳ್ಳೋದು 20–40 ವರ್ಷ ಕಳೆದ ಮೇಲೆ, ಹಾಗಾಗಿ ‘ನಮ್ಗೇನೂ ಆಗಿಲ್ಲ’ ಅನ್ನೋ ಮೇಸ್ತ್ರಿ ಬೇಡ.

ನೀರು ಚಿಮುಕಿಸಿ ನೆನೆಸಿ, ಶೀಟು ಹಿಡಿದಿರೋ ಜೆ-ಬೋಲ್ಟ್ (ಕೊಕ್ಕೆ ಬೋಲ್ಟ್) ಮಾತ್ರ ಕತ್ತರಿಸಿ, ಶೀಟನ್ನ ಇಡಿಯಾಗಿ ಇಳಿಸಿ, 200 ಮೈಕ್ರಾನ್ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಕಟ್ಟೋರು ಬೇಕು. ಶೀಟಿನ ಮೇಲೆ ನೇರ ಕಾಲಿಟ್ಟರೆ ಮುರಿಯುತ್ತೆ, ಹಲಗೆ ಹಾಕ್ಕೊಂಡೇ ಹತ್ತಬೇಕು. ಬಟ್ಟೆ ಮಾಸ್ಕ್ ನಡೆಯಲ್ಲ. ಸಣ್ಣ ನಾರನ್ನೂ ತಡೆಯೋ ಪಿ100 ಫಿಲ್ಟರ್ ಇರೋ ಮಾಸ್ಕ್ ನಾವೇ ಕೊಡ್ತೀವಿ.

ಅಪಾಯಕಾರಿ ತ್ಯಾಜ್ಯ ಸಾಗಿಸೋ ಪರವಾನಗಿ ಇರೋರು ಗೊತ್ತಿದ್ದರೆ ತಿಳಿಸಿ. ಕೊಟ್ಟಿಗೆಗೆ ಅಂತ ತುಂಡು ಕೇಳಬೇಡಿ, ಕೊಡಲ್ಲ.